ಮಧ್ಯಾಹ್ನದ ಬಿಸಿನೀರು

ಅವಳಿಗೆ ಬಾಯ್ಲರಮ್ಮ ಎಂಬ ಹೆಸರು ಬಿದ್ದದ್ದು ಹಾಸ್ಟೆಲಿಗೆ ಬಂದ ಮೊದಲ ವಾರದಲ್ಲೇ. ಊಟದ ಮೇಜಿನ ಹತ್ತಿರ ಯಾರೋ ಸೌಜನ್ಯಕ್ಕೆ, "ನೀವು ಎಲ್ಲಿ ಕೆಲಸ ಮಾಡೋದು?" ಎಂದು ಕೇಳಿದ್ದರು. ಅವಳೂ ಸೌಜನ್ಯಕ್ಕೆ ಒಂದು ಉತ್ತರ ಕೊಟ್ಟು ಸುಮ್ಮನಾಗಬಹುದಿತ್ತು. ಆಗಲಿಲ್ಲ. ತನ್ನ ಕಂಪನಿ ಮಾರುವ ಯಂತ್ರ ಎಂಥದ್ದು, ಅದರೊಳಗೆ ಏನು ನಡೆಯುತ್ತದೆ ಎಂದು ವಿವರಿಸಲು ಹೊರಟಳು. ಎದುರಿಗೆ ಕೂತವರ ತಟ್ಟೆ ಖಾಲಿಯಾಗಿ, ಅವರು ಎದ್ದು ಕೈ ತೊಳೆದು ಬಂದರೂ ಇವಳ ಮಾತು ಅರ್ಧದಲ್ಲೇ ಇತ್ತು.

"ಒಟ್ಟಿನಲ್ಲಿ ಬಾಯ್ಲರ್ ಮಾರ್ತೀರಿ ಅನ್ನಿ," ಎಂದಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ.

"ಬಾಯ್ಲರ್ ಅಲ್ಲ," ಎಂದು ಇವಳು ಮತ್ತೆ ಮೊದಲಿನಿಂದ ಶುರು ಮಾಡಿದಳು. ಅಲ್ಲಿಗೆ ಹೆಸರು ಗಟ್ಟಿಯಾಯಿತು.

ಅದು ಬಾಯ್ಲರ್ ಅಲ್ಲ ಎನ್ನುವುದು ನಿಜ. ಬಟ್ಟೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಒಳಗೊಂದು ಗ್ಯಾಸ್ ಎಂಜಿನ್. ಎಂಜಿನ್ ತಿರುಗಿದರೆ ಕರೆಂಟು ಹುಟ್ಟುತ್ತದೆ. ತಿರುಗುವ ಎಂಜಿನ್ ಯಾವುದೇ ಇರಲಿ, ಕಾದೇ ಕಾಯುತ್ತದೆ. ಬಸ್ಸಿನಲ್ಲಿ ಡ್ರೈವರ್ ಪಕ್ಕ ಕೂತು ಪ್ರಯಾಣ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಕಾವನ್ನು ಗಾಳಿಗೆ ಬಿಡದೆ ನೀರಿಗೆ ಇಳಿಸಿಕೊಂಡರೆ ಸುಟ್ಟ ಒಂದೇ ಇಂಧನಕ್ಕೆ ಕರೆಂಟೂ ಆಯಿತು, ಬಿಸಿನೀರೂ ಆಯಿತು. ಎಲ್ಲೋ ದೂರದ ಸ್ಥಾವರದಲ್ಲಿ ಕರೆಂಟು ಮಾಡುವಾಗ ಸುಟ್ಟದ್ದರಲ್ಲಿ ಬಹುಪಾಲು ಕಾವಾಗಿ ಹಾರಿಹೋಗುತ್ತದೆ, ಯಾರ ಉಪಯೋಗಕ್ಕೂ ಬರುವುದಿಲ್ಲ. ಎಲ್ಲಿ ಬೇಕೋ ಅಲ್ಲೇ ಮಾಡಿಕೊಂಡರೆ ಎರಡೂ ದಕ್ಕುತ್ತವೆ. ಬಾಯ್ಲರಮ್ಮ ನಂಬಿದ್ದು ಇಷ್ಟನ್ನೇ, ಮತ್ತು ತುಂಬ ಗಟ್ಟಿಯಾಗಿ.

ಎರಡು ವರ್ಷದಿಂದ ಅವಳು ಹೋಟೆಲು, ನರ್ಸಿಂಗ್ ಹೋಮು, ಲಾಂಡ್ರಿ ಎಂದು ಬಾಗಿಲು ಬಾಗಿಲು ತಿರುಗಿದ್ದಳು. ಎಲ್ಲರೂ ಕುರ್ಚಿ ಕೊಟ್ಟು ಕೂರಿಸುತ್ತಿದ್ದರು, ತಲೆದೂಗುತ್ತಿದ್ದರು, ಕೊನೆಗೆ ಒಂದೇ ಮಾತು ಕೇಳುತ್ತಿದ್ದರು: "ಈ ಊರಲ್ಲಿ ಯಾರಾದ್ರೂ ಹಾಕ್ಸಿದಾರಾ? ಒಂದ್ಸಲ ನೋಡಬೇಕಿತ್ತು." ಯಾರೂ ಹಾಕಿಸಿರಲಿಲ್ಲ. ಅವಳು ಬೇರೆ ಊರಿನ ಯಂತ್ರದ ಫೋಟೋ ಇದ್ದ ಕರಪತ್ರ ತೋರಿಸುತ್ತಿದ್ದಳು. ಅವರು ನೋಡಿ, ಮಡಚಿ, ವಾಪಸು ಕೊಡುತ್ತಿದ್ದರು. ಊರಿನಲ್ಲಿದ್ದ ಅವಳ ಅಣ್ಣ ಫೋನಿನಲ್ಲಿ ಪ್ರತಿ ಸಲವೂ, "ಇನ್ನೂ ಅದೇ ಕೆಲಸನಾ?" ಎನ್ನುತ್ತಿದ್ದ. ಅವಳೂ "ಅದೇ" ಎನ್ನುತ್ತಿದ್ದಳು.

ಕೊನೆಗೆ ಅವಳ ಮ್ಯಾನೇಜರ್ ಒಂದು ಯಂತ್ರವನ್ನು ಚಳಿಗಾಲ ಮುಗಿಯುವವರೆಗೆ ಪ್ರಯೋಗಕ್ಕೆ ಬಿಟ್ಟುಕೊಡಲು ಒಪ್ಪಿದ. ಜಾಗ ಹುಡುಕುವುದು ಅವಳ ತಲೆನೋವು. ಅವಳು ಬಹಳ ದೂರ ಹುಡುಕಲಿಲ್ಲ. ತಾನೇ ಇದ್ದ ಹಾಸ್ಟೆಲಿನ ವಾರ್ಡನ್ ಕೋಣೆಯ ಬಾಗಿಲು ತಟ್ಟಿದಳು.

ವಾರ್ಡನ್‌ಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಿಯಾದ ಹೆಂಗಸು. ಕಟ್ಟಡ ಅವಳ ತಮ್ಮನದು. ಅವನಿಗೆ ಸಿಮೆಂಟು ಕಬ್ಬಿಣದ ವ್ಯಾಪಾರ, ಹಾಸ್ಟೆಲಿನ ಕಡೆ ತಲೆ ಹಾಕುತ್ತಿದ್ದುದು ಅಪರೂಪ. ಕೆಲಸಕ್ಕೆ ಹೋಗುವ ಐವತ್ತು ಚಿಲ್ಲರೆ ಹೆಂಗಸರ ಊಟ, ನೀರು, ಜಗಳ, ಜ್ವರ ಎಲ್ಲ ದೊಡ್ಡಮ್ಮನ ಪಾಲಿಗೆ. ಬೇರೆಯವರು ಮಾತಾಡುವಾಗ ಅವಳ ಕೈ ಏನಾದರೂ ಮಾಡುತ್ತಲೇ ಇರುತ್ತಿತ್ತು. ಆವತ್ತು ದಿಂಬಿನ ಚೀಲಗಳಿಗೆ ಗುಂಡಿ ಹೊಲಿಯುತ್ತಿದ್ದಳು.

"ಸದ್ದು ಎಷ್ಟು ಬರುತ್ತೆ?"

"ಹೊಲಿಗೆ ಯಂತ್ರದಷ್ಟು ದೊಡ್ಡಮ್ಮ."

"ಯಾರ ಹೊಲಿಗೆ ಯಂತ್ರ? ನನ್ನ ನಾದಿನಿ ಹತ್ರ ಒಂದಿದೆ, ಅವಳು ಹೊಲಿಯೋಕೆ ಕೂತ್ರೆ ಬೀದಿಗೆಲ್ಲ ಗೊತ್ತಾಗುತ್ತೆ."

"ಒಳ್ಳೇ ಹೊಲಿಗೆ ಯಂತ್ರ."

"ಸಿಡಿಯುತ್ತಾ?"

"ಈಗ ಕೆಳಗಿರೋ ಬಾಯ್ಲರಿಗಿಂತ ಕಮ್ಮಿ ಭಯ."

ದೊಡ್ಡಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. ನೆಲಮಾಳಿಗೆಯ ಹಳೇ ಬಾಯ್ಲರ್ ಪ್ರತಿ ಚಳಿಗಾಲವೂ ಅವಳ ಜೀವ ಹಿಂಡುತ್ತಿತ್ತು. "ಇದರಲ್ಲಿ ನಿನಗೇನು ಸಿಗುತ್ತೆ?"

"ಏನೂ ಇಲ್ಲ. ಪ್ರಯೋಗಕ್ಕೆ ಹಾಕೋದು."

"ಮತ್ತೆ ಯಾಕಿಷ್ಟು ಒದ್ದಾಡ್ತೀಯ?"

"ಕಾರ್ಖಾನೆಯಲ್ಲಿ ಬಿಟ್ಟರೆ ಇದು ಎಲ್ಲೂ ಓಡೋದನ್ನ ನಾನೇ ನೋಡಿಲ್ಲ ದೊಡ್ಡಮ್ಮ. ಜನಕ್ಕೆ ಉಪಯೋಗಕ್ಕೆ ಬಂದು ಓಡೋದನ್ನ ನೋಡಬೇಕು."

ದೊಡ್ಡಮ್ಮ ತಮ್ಮನಿಗೆ ಫೋನು ಮಾಡಿದಳು. ಖರ್ಚಿಲ್ಲ ಎಂದ ಮೇಲೆ ಅವನದೇನೂ ತಕರಾರು ಇರಲಿಲ್ಲ. ಚಳಿಗಾಲ ಮುಗಿದ ಮೇಲೆ ಬೇಡವೆನಿಸಿದರೆ ಎತ್ತಿಕೊಂಡು ಹೋಗಬೇಕು, ಗೋಡೆಗೆ ಕೊರೆದ ತೂತನ್ನೆಲ್ಲ ಮುಚ್ಚಿ ಬಣ್ಣ ಹೊಡೆದು ಹೋಗಬೇಕು, ಅಷ್ಟೇ.

ಯಂತ್ರ ಬಂತು. ನೆಲಮಾಳಿಗೆಯಲ್ಲಿ ಹಳೇ ಬಾಯ್ಲರಿನ ಪಕ್ಕದಲ್ಲಿ ಕೂತಿತು. ಅದರ ಜೊತೆಗೆ ಆಳೆತ್ತರದ ಎರಡು ಬಿಸಿನೀರಿನ ಟ್ಯಾಂಕು. ಮೊದಲ ದಿನ ಬೆಳಿಗ್ಗೆ ಹಾಸ್ಟೆಲಿನವರು ಬಕೆಟ್ಟು ಹಿಡಿದು ಓಡಾಡಲಿಲ್ಲ, ಕೊನೆಯವಳಿಗೂ ಮೊದಲಿನವಳಷ್ಟೇ ಬಿಸಿನೀರು ಸಿಕ್ಕಿತು. ಬ್ಯಾಂಕಿನ ಹುಡುಗಿ ಸ್ನಾನ ಮುಗಿಸಿ ಬಂದು, "ಪರವಾಗಿಲ್ಲ ಬಾಯ್ಲರಮ್ಮ" ಎಂದಳು. ಬಾಯ್ಲರ್ ಅಲ್ಲ ಎಂದು ಹೇಳಲು ಅವಳಿಗೆ ಆವತ್ತು ಮನಸ್ಸೇ ಬರಲಿಲ್ಲ.

ಕಷ್ಟ ಶುರುವಾದದ್ದು ಬೆಳಗಿನ ಗಲಾಟೆ ಮುಗಿದ ಮೇಲೆ. ಎಲ್ಲರೂ ಕೆಲಸಕ್ಕೆ ಹೋದರು. ನೀರು ಕೇಳುವವರಿಲ್ಲದೆ ಎರಡೂ ಟ್ಯಾಂಕು ಕಾದು ತುಂಬಿದವು. ಕಾವು ಹೋಗಲು ಜಾಗವಿಲ್ಲದಿದ್ದಾಗ ಯಂತ್ರ ತಾನಾಗಿ ನಿಲ್ಲುತ್ತದೆ, ನಿಂತಿತು. ಮಧ್ಯಾಹ್ನ ಪೂರ್ತಿ ನಿಂತೇ ಇತ್ತು. ಸಂಜೆ ಎಲ್ಲರೂ ಬಂದ ಮೇಲೆ ಮತ್ತೆ ಸ್ವಲ್ಪ ಓಡಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ಕಂಪನಿಯ ಎಂಜಿನಿಯರ್ ಬಂದು ಪೆಟ್ಟಿಗೆಯ ಮೇಲಿನ ಮೀಟರನ್ನು ಓದಿ ತುಟಿ ಸೊಟ್ಟ ಮಾಡಿದ. ಅವಳ ಜೊತೆಗೇ ಕೆಲಸಕ್ಕೆ ಸೇರಿದ್ದ ಒಳ್ಳೆಯ ಹುಡುಗ. "ಹೀಗೆ ನಿಂತು ನಿಂತು ಓಡಿದ್ರೆ ಎಂಜಿನ್ನಿಗೂ ಒಳ್ಳೇದಲ್ಲ, ಲೆಕ್ಕಕ್ಕೂ ಒಳ್ಳೇದಲ್ಲ. ಯಂತ್ರ ದೊಡ್ಡದಾಯ್ತು."

ತಪ್ಪು ಎಲ್ಲಿ ಆಯಿತೆಂದು ಬಾಯ್ಲರಮ್ಮನಿಗೆ ಆಗಲೇ ಗೊತ್ತಾಗಿತ್ತು. ಅವಳು ಮಂಚಗಳನ್ನು ಎಣಿಸಿದ್ದಳು. ಹಗಲು ಹೊತ್ತಿನಲ್ಲಿ ಆ ಮಂಚಗಳಲ್ಲಿ ಯಾರು ಇರುತ್ತಾರೆ ಎಂದು ಯೋಚಿಸಿರಲಿಲ್ಲ. ತಾನೂ ಅದೇ ಹಾಸ್ಟೆಲಿನಲ್ಲಿದ್ದು, ತಾನೂ ಬೆಳಿಗ್ಗೆ ಹೊರಟು ಸಂಜೆ ಬರುವವಳಾಗಿದ್ದು, ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಒಂದು ದಾರಿ ಇದೆ," ಎಂದ ಎಂಜಿನಿಯರ್. "ತಾರಸಿ ಮೇಲೆ ರೇಡಿಯೇಟರ್ ಇಟ್ಟು ಫ್ಯಾನ್ ಹಾಕೋಣ. ಮಿಕ್ಕ ಕಾವನ್ನ ಅದು ಊದಿ ಹಾಕುತ್ತೆ. ಎಂಜಿನ್ ನಿಲ್ಲೋದಿಲ್ಲ, ಕರೆಂಟು ಬರ್ತಾ ಇರುತ್ತೆ, ಮೀಟರೂ ಓಡ್ತಾ ಇರುತ್ತೆ. ಎಷ್ಟೋ ಕಡೆ ಇರುತ್ತೆ, ಹೊಸದೇನಲ್ಲ."

"ಕಾವನ್ನ ಗಾಳಿಗೆ ಬಿಡೋದಾದ್ರೆ ಈ ಯಂತ್ರ ಯಾಕೆ ಬೇಕು?"

"ಚಳಿಗಾಲ ಮುಗಿಯೋ ತನಕ ತಾನೇ."

ಮ್ಯಾನೇಜರ್ ಫೋನಿನಲ್ಲೇ ಹೂಂ ಎಂದ. ಬಾಯ್ಲರಮ್ಮ ಹೂಂ ಎನ್ನಲಿಲ್ಲ, ಉಹೂಂ ಎಂದೂ ಹೇಳಲಿಲ್ಲ. ಫ್ಯಾನು ಬಂದು ತಾರಸಿಯ ಮೂಲೆಯಲ್ಲಿ ಕೂತಿತು. ಯಂತ್ರ ಮಧ್ಯಾಹ್ನವೂ ಓಡತೊಡಗಿತು. ಅವಳು ಒಂದು ಗಿರಾಕಿಯನ್ನೂ ತೋರಿಸಲು ಕರೆತರಲಿಲ್ಲ. ಮ್ಯಾನೇಜರ್ ಕೇಳಿದರೆ ಇನ್ನೂ ಸ್ವಲ್ಪ ದಿನ ಹೋಗಲಿ ಎನ್ನುತ್ತಿದ್ದಳು.

ಒಂದು ವಾರ ಮೋಡ ಕವಿದು ಬಟ್ಟೆ ಒಣಗುವುದೇ ದುಸ್ತರವಾಗಿತ್ತು. ಆ ಭಾನುವಾರ ಬಾಯ್ಲರಮ್ಮ ತಾರಸಿಗೆ ಹೋದರೆ, ಫ್ಯಾನಿನ ಎದುರಿಗೆ ದೊಡ್ಡಮ್ಮ ಅಡ್ಡಡ್ಡ ಹಗ್ಗ ಕಟ್ಟಿ ಹಾಸ್ಟೆಲಿನ ಹಾಸಿಗೆ ಹೊದಿಕೆಗಳನ್ನೆಲ್ಲ ಹರವಿದ್ದಳು. ಅವು ಪಟಪಟ ಬಡಿದುಕೊಳ್ಳುತ್ತಿದ್ದವು.

"ಬಟ್ಟೆ ಒಣಗ್ಸೋ ಯಂತ್ರನೂ ತಂದಿದೀಯ, ಬಾಯೇ ಬಿಟ್ಟಿಲ್ವಲ್ಲ," ಎಂದಳು ದೊಡ್ಡಮ್ಮ. ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು.

ಹೌದು ಎಂದುಬಿಡಬಹುದಿತ್ತು. ಬಾಯ್ಲರಮ್ಮನಿಗೆ ಆ ಮೆಚ್ಚುಗೆಯನ್ನು ನುಂಗಲು ಆಗಲಿಲ್ಲ. "ಬಟ್ಟೆ ಒಣಗ್ಸೋದಲ್ಲ ದೊಡ್ಡಮ್ಮ. ಮಧ್ಯಾಹ್ನ ಮಿಕ್ಕಿದ ಕಾವನ್ನ ಬಿಸಾಡೋ ಫ್ಯಾನು," ಎಂದು ಎಲ್ಲವನ್ನೂ ಹೇಳಿದಳು. ಮಂಚ ಎಣಿಸಿದ್ದನ್ನೂ ಹೇಳಿದಳು.

ದೊಡ್ಡಮ್ಮ ಒಣಗಿದ ಒಂದು ಹೊದಿಕೆ ತೆಗೆದು, ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಮಡಚಿದರು.

"ಅಂದ್ರೆ ಊರಿಗೆಲ್ಲ ನೀನು ಹೇಳ್ಕೊಂಡು ತಿರುಗೋದು ಕಾವು ಪೋಲು ಮಾಡಬೇಡಿ ಅಂತ. ಇಲ್ಲಿ ಪೋಲು ಮಾಡೋಕೇ ಅಂತ ಒಂದು ಫ್ಯಾನು."

"ಹೌದು."

"ಇದರಲ್ಲಿ ಎಷ್ಟು ಜನ ಸ್ನಾನ ಮಾಡಬಹುದು?"

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಮಧ್ಯಾಹ್ನಕ್ಕೆ ನಲವತ್ತು ಜನ ಧಾರಾಳವಾಗಿ."

ದೊಡ್ಡಮ್ಮ ತಾರಸಿಯ ಹಿಂಬದಿಯ ಗೋಡೆಗೆ ಒರಗಿ ಕೆಳಗೆ ನೋಡಿದಳು. ಕಟ್ಟಡದ ಹಿಂದೆ ಒಂದು ಕಿರಿದಾದ ಗಲ್ಲಿ, ಗಲ್ಲಿಯಾಚೆ ತರಕಾರಿಯ ಸಗಟು ಮಾರುಕಟ್ಟೆ. ಬೆಳಗಿನ ಲಾರಿಗಳು ಖಾಲಿಯಾಗಿ ಹೋದ ಮೇಲೆ, ಮೂಟೆ ಇಳಿಸಿದ, ಸೊಪ್ಪು ಬಿಡಿಸಿದ, ಕೊಳೆತದ್ದನ್ನು ಆರಿಸಿದ ಹೆಂಗಸರು ಮಾರುಕಟ್ಟೆಯ ಒಂದು ನಲ್ಲಿಯ ಸುತ್ತ ನಿಂತು ಮೊಣಕೈವರೆಗಿನ ಮಣ್ಣನ್ನು ತಣ್ಣೀರಿನಲ್ಲಿ ಉಜ್ಜುತ್ತಿದ್ದರು. ಎಷ್ಟೋ ವರ್ಷದಿಂದ ದೊಡ್ಡಮ್ಮ ಇದನ್ನು ನೋಡುತ್ತಿದ್ದಳು.

"ಆ ಕೈಗಳನ್ನ ನಾನು ಆಸ್ಪತ್ರೆಯಲ್ಲಿ ನೋಡಿದೀನಿ," ಎಂದಳು. "ಚಳಿಗಾಲದಲ್ಲಿ ಬಿರಿದು ರಕ್ತ ಬರುತ್ತೆ. ಮುಲಾಮು ಕೊಟ್ಟು ಕಳಿಸ್ತಿದ್ವಿ. ನಾಳೆ ರಜ ಹಾಕು."

ಮರುದಿನ ಇಬ್ಬರೂ ಮಾರುಕಟ್ಟೆಗೆ ಹೋದರು. ಅಲ್ಲಿಯ ಹೆಂಗಸರಿಗೆ ದನಿಯಾಗಿದ್ದವಳು ಸೊಪ್ಪಿನ ಕಟ್ಟೆಯ ಮೇಲೆ ಕೂರುವ ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಎಲ್ಲರ ಬಾಯಲ್ಲೂ ಅವಳು ಸೊಪ್ಪಕ್ಕ. ದೊಡ್ಡಮ್ಮನ ಮಾತು ಕೇಳಿ ಅವಳು ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟಳು.

"ಸ್ನಾನ ಮಾಡಿ ಅಂತ ಹೇಳೋಕೆ ಬಂದ್ರಾ? ಅಷ್ಟು ವಾಸನೆ ಬರ್ತಾ ಇದೀವಾ?"

"ಬರ್ತಾ ಇದೀರಿ," ಎಂದಳು ದೊಡ್ಡಮ್ಮ. "ಇಡೀ ದಿನ ಈರುಳ್ಳಿ ಮೂಟೆ ಹೊತ್ರೆ ನಾನೂ ಬರ್ತೀನಿ."

ಬಾಯ್ಲರಮ್ಮ, "ಅದು ಏನಂದ್ರೆ, ಒಂದು ಎಂಜಿನ್ ಇದೆ, ಅದು ಕರೆಂಟು ಮಾಡುವಾಗ..." ಎಂದು ಶುರು ಮಾಡಿದಳು. ದೊಡ್ಡಮ್ಮ ಅವಳ ತೋಳು ಚಿವುಟಿದಳು.

"ಮಧ್ಯಾಹ್ನ ಬಿಸಿನೀರು ಮಿಕ್ಕುತ್ತೆ. ಬಳಸೋರು ಇಲ್ಲ. ನೀವು ಬರದೇ ಇದ್ರೆ ಈ ಹುಡುಗಿ ಅದನ್ನ ಆಕಾಶಕ್ಕೆ ಬಿಡ್ತಾಳೆ."

ಸೊಪ್ಪಕ್ಕ ಬಾಯ್ಲರಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಯಾಕೆ?" ಎಂದಳು.

ಎರಡು ವರ್ಷದಲ್ಲಿ ಅವಳನ್ನು ಎಷ್ಟೋ ಜನ ಎಷ್ಟೋ ಪ್ರಶ್ನೆ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

ಹಾಸ್ಟೆಲಿನ ಹಿಂಭಾಗದಲ್ಲಿ ಗಲ್ಲಿಗೆ ತೆರೆದುಕೊಳ್ಳುವ ಒಂದು ಹಳೇ ಬಟ್ಟೆ ಒಗೆಯುವ ಕೋಣೆ ಇತ್ತು. ಕಲ್ಲಿನ ನೆಲ, ಸಾಲು ನಲ್ಲಿಗಳು, ನೀರು ಸರಾಗವಾಗಿ ಹರಿಯುವ ಮೋರಿ. ಎಂಜಿನಿಯರ್ ಗೊಣಗುತ್ತಲೇ ಬಂದು ನೆಲಮಾಳಿಗೆಯಿಂದ ಅಲ್ಲಿಗೆ ಒಂದು ಬಿಸಿನೀರಿನ ಪೈಪು ಎಳೆದುಕೊಟ್ಟ. ದೊಡ್ಡಮ್ಮ ಹಳೇ ಪರದೆಗಳನ್ನು ಕಟ್ಟಿ ನಾಲ್ಕು ಮರೆ ಮಾಡಿದಳು.

ಮೊದಲ ದಿನ ಬಂದವಳು ಸೊಪ್ಪಕ್ಕ ಒಬ್ಬಳೇ. ಇಲ್ಲಿ ಏನಾದರೂ ಮಾರುತ್ತಾರೋ, ಏನಾದರೂ ಬರೆಸಿಕೊಳ್ಳುತ್ತಾರೋ ನೋಡಿಬರಲು ಉಳಿದವರು ಅವಳನ್ನು ಕಳಿಸಿದ್ದರು. ಅವಳು ಒಳಗೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ದೊಡ್ಡಮ್ಮ ಹೊರಗೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುವ ಹಾಗೆ ಗಂಭೀರವಾಗಿ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಬಾಯ್ಲರಮ್ಮ ನೆಲಮಾಳಿಗೆಗೂ ಗಲ್ಲಿಗೂ ಓಡಾಡುತ್ತಿದ್ದಳು. ಕೊನೆಗೆ ಸೊಪ್ಪಕ್ಕ ಕೆಂಪು ಮುಖ ಮಾಡಿಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದಳು. ಚೆನ್ನಾಗಿತ್ತು ಎಂದೇನೂ ಹೇಳಲಿಲ್ಲ.

"ನಾಳೆನೂ ಇರುತ್ತಾ?" ಎಂದಳು.

"ಇರುತ್ತೆ."

ಮರುದಿನ ಆರು ಜನ ಬಂದರು. ಆ ವಾರ ಮುಗಿಯುವ ಹೊತ್ತಿಗೆ ಗಲ್ಲಿಯಲ್ಲಿ ಸಾಲು ನಿಂತಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಪಕ್ಕದ ಸೀಟಿನವರು ಈಗ ಎದ್ದು ಹೋಗುವುದಿಲ್ಲ ಎಂದು ಒಬ್ಬಳು ಹೇಳಿದಳು. ಮನೆಗೆ ಹೋದ ತಕ್ಷಣ ಮಗುವನ್ನು ಎತ್ತಿಕೊಳ್ಳಬಹುದು ಎಂದಳು ಇನ್ನೊಬ್ಬಳು. ಒಂದು ಮಧ್ಯಾಹ್ನ ಬಾಯ್ಲರಮ್ಮ ತಾರಸಿಗೆ ಹೋಗಿ ನೋಡಿದಳು, ಫ್ಯಾನು ನಿಂತಿತ್ತು. ಕೆಳಗೆ ಹೋಗಿ ನೋಡಿದಳು, ಯಂತ್ರ ಓಡುತ್ತಿತ್ತು. ಅದರ ತಗಡಿನ ಮೇಲೆ ಅಂಗೈ ಇಟ್ಟು, ಅದು ನಡುಗುವುದನ್ನು ಅನುಭವಿಸುತ್ತ ಸುಮ್ಮನೆ ನಿಂತಳು. ಮೇಲಿನಿಂದ ಹೆಂಗಸರ ನಗು ಪೈಪಿನಗುಂಟ ಇಳಿದು ಬರುತ್ತಿತ್ತು.

ಬ್ಯಾಂಕಿನ ಹುಡುಗಿಗೆ ಮಾತ್ರ ಇದು ಹಿಡಿಸಲಿಲ್ಲ. ರಜೆಯ ದಿನ ಕಿಟಕಿ ತೆಗೆದರೆ ಗಲ್ಲಿಯ ತುಂಬ ಗುರುತಿಲ್ಲದ ಜನ. ದೊಡ್ಡಮ್ಮನ ಎದುರು ಮೂಗು ಮುರಿದು ಪ್ರಯೋಜನವಿಲ್ಲವೆಂದು ಅವಳು ನೇರವಾಗಿ ಕಟ್ಟಡದ ಯಜಮಾನನಿಗೇ ಫೋನು ಮಾಡಿದಳು. ದೊಡ್ಡಮ್ಮನ ತಮ್ಮ ತನ್ನ ಅಂಗಡಿ ಬಿಟ್ಟು ಬಂದ.

"ಅಕ್ಕಾ, ಇದು ಹಾಸ್ಟೆಲೋ, ಊರಿನ ಬಚ್ಚಲುಮನೆಯೋ?"

"ಬೆಳಿಗ್ಗೆ ಅದು, ಮಧ್ಯಾಹ್ನ ಇದು."

"ತಮಾಷೆ ಬೇಡ. ಯಾರೋ ಬಿದ್ದು ಕೈಕಾಲು ಮುರ್ಕೊಂಡ್ರೆ ನನ್ನ ತಲೆಗೆ ಬರುತ್ತೆ. ನನ್ನನ್ನ ಒಂದು ಮಾತು ಕೇಳಬೇಕಿತ್ತು."

ದೊಡ್ಡಮ್ಮನ ಕೈ ಒಂದು ಕ್ಷಣ ನಿಂತಿತು. "ಕೇಳಬೇಕಿತ್ತು," ಎಂದಳು. "ಅದು ನನ್ನ ತಪ್ಪು."

ಜಗಳಕ್ಕೆ ಸಿದ್ಧವಾಗಿ ಬಂದವನಿಗೆ ಜಗಳವೇ ಸಿಗಲಿಲ್ಲ. ಅವನು ಬಾಯ್ಲರಮ್ಮನ ಕಡೆ ತಿರುಗಿದ. "ಇವರು ಬರೋದು ನಿಂತ್ರೆ ನಿಮ್ಮ ಯಂತ್ರಕ್ಕೆ ಏನಾಗುತ್ತೆ?"

ಸುಳ್ಳು ಹೇಳಲು ಅವಳಿಗೆ ಒಳ್ಳೆಯ ಅವಕಾಶವಿತ್ತು. ತಾರಸಿಯ ಮೇಲಿನ ಫ್ಯಾನು ಇನ್ನೂ ಅಲ್ಲೇ ಇತ್ತು. "ನಿಂತ್ರೆ ಯಂತ್ರ ಎತ್ಕೊಂಡು ಹೋಗಬೇಕಾಗುತ್ತೆ," ಎಂದಳು. "ಹಾಸ್ಟೆಲ್ ಒಂದಕ್ಕೇ ಆದ್ರೆ ಇದು ದೊಡ್ಡದು. ಅಳತೆ ತಪ್ಪಿದ್ದು ನಾನೇ. ಇವರೂ ಸೇರಿದ್ರೆ ಸರಿಹೋಗುತ್ತೆ. ಕರೆಂಟೂ ಸಿಗುತ್ತೆ, ಕಾವೂ ಹಾಳಾಗಲ್ಲ."

ಅವನ ಅಂಗಡಿಗೆ ದಿನವೂ ಮಾರುವವರು ಬರುತ್ತಿದ್ದರು. ತಾನು ತಂದ ಸಾಮಾನು ದೊಡ್ಡದಾಯಿತು ಎಂದು ಹೇಳಿದವರನ್ನು ಅವನು ಕಂಡಿರಲಿಲ್ಲ. ಆಮೇಲೆ ಕೋಣೆಯ ಮೋರಿ, ನೆಲ, ನಲ್ಲಿ ಎಲ್ಲವನ್ನೂ ಒಳಗೆ ಹೋಗಿ ಪರೀಕ್ಷಿಸಿದ. ನೆಲಕ್ಕೆ ಜಾರದಂಥ ಹಾಸು ಬೇಕು, ಗಲ್ಲಿಯಿಂದ ಬಂದವರು ಗಲ್ಲಿಗೇ ಹೋಗಬೇಕು, ಒಳಗಿನ ಬಾಗಿಲಿಗೆ ಚಿಲಕ ಬೇಕು ಎಂದ. "ಪುಕ್ಕಟೆ ಮಾತ್ರ ಆಗಲ್ಲ ಅಕ್ಕಾ. ನೀರಿಗೂ ಖರ್ಚಿದೆ."

ಪರದೆಯ ಹಿಂದಿನಿಂದ ಸೊಪ್ಪಕ್ಕನ ದನಿ ಬಂತು. "ಕೊಡ್ತೀವಿ ಸ್ವಾಮಿ. ನಾವೂ ಅದನ್ನೇ ಮಾತಾಡ್ಕೊಂಡಿದೀವಿ. ಪುಕ್ಕಟೆ ಕೊಟ್ಟಿದ್ದನ್ನ ಯಾವಾಗ ಬೇಕಾದ್ರೂ ನಿಲ್ಲಿಸಿಬಿಡ್ತಾರೆ."

ಅಲ್ಲಿ ಒಬ್ಬರು ಸ್ನಾನ ಮಾಡುತ್ತಿದ್ದಾರೆ ಎಂದು ಆಗಷ್ಟೇ ಗೊತ್ತಾದ ಯಜಮಾನ ಕಿವಿ ಕೆಂಪಗೆ ಮಾಡಿಕೊಂಡು ಸರಸರನೆ ಹೊರಗೆ ಬಂದ. ದೊಡ್ಡಮ್ಮ ಆಮೇಲೆ ವಾರಗಟ್ಟಲೆ ಇದನ್ನು ನೆನೆದು ನಕ್ಕಳು. ಬ್ಯಾಂಕಿನ ಹುಡುಗಿ ಬೀದಿ ಕಡೆಯ ಕೋಣೆ ಕೇಳಿ ಪಡೆದುಕೊಂಡಳು. ಕೊನೆಯವರೆಗೂ ಅವಳಿಗೆ ಈ ಏರ್ಪಾಡು ಇಷ್ಟವಾಗಲಿಲ್ಲ. ಆದರೆ ಮತ್ತೆ ಫೋನು ಮಾಡಲಿಲ್ಲ.

ಆ ವಾರವೇ ಬಾಯ್ಲರಮ್ಮ ಎಂಜಿನಿಯರನನ್ನು ಕರೆಸಿ ಫ್ಯಾನಿನ ಸಂಪರ್ಕ ತೆಗೆಸಿದಳು. ಪ್ರಯೋಗ ಮುಗಿದ ಮೇಲೆ ತೆಗೆಯಬಹುದಿತ್ತಲ್ಲ ಎಂದು ಮ್ಯಾನೇಜರ್ ರೇಗಿದ. ಮಾರುಕಟ್ಟೆಗೆ ರಜೆ ಇದ್ದ ದಿನ ಯಂತ್ರ ನಿಂತದ್ದನ್ನು ಅವಳು ನಿಂತಿತು ಎಂದೇ ವರದಿ ಮಾಡಿದಳು. ಅವನು ಅದಕ್ಕೂ ರೇಗಿದ. ಆದರೆ ಚಳಿಗಾಲದ ಕೊನೆಯಲ್ಲಿ ಕಟ್ಟಡದ ಯಜಮಾನ ಒಂದಿಡೀ ಮಧ್ಯಾಹ್ನ ಚೌಕಾಸಿ ಮಾಡಿ, ಯಂತ್ರವನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಸಹಿ ಹಾಕಿದಾಗ ಮ್ಯಾನೇಜರನ ಸಿಟ್ಟು ಇಳಿಯಿತು. ಅದಾದ ಮೇಲೆ ಬಾಯ್ಲರಮ್ಮ ಒಬ್ಬ ಲಾಂಡ್ರಿಯವನನ್ನೂ ಒಂದು ಕ್ಲಿನಿಕ್ಕಿನ ಡಾಕ್ಟರನ್ನೂ ಕರೆತಂದು ನೆಲಮಾಳಿಗೆ ತೋರಿಸಿದಳು. ಲಾಂಡ್ರಿಯವನು ಹಾಕಿಸಿಕೊಂಡ. ಡಾಕ್ಟರ ಕಟ್ಟಡ ಹಗಲು ಮಾತ್ರ ತೆರೆದಿರುವಂಥದ್ದು, ಬಿಸಿನೀರಿನ ಖರ್ಚೂ ಅಷ್ಟಕ್ಕಷ್ಟೇ. ನಿಮಗೆ ಇದು ಬೇಡ ಎಂದು ಅವಳೇ ಹೇಳಿ ಕಳಿಸಿದಳು.

ಹೊಸ ಕರಪತ್ರಕ್ಕೆ ಉಪಯೋಗ ಪಡೆದವರ ನಗುಮುಖದ ಫೋಟೋ ಬೇಕೆಂದು ಮ್ಯಾನೇಜರ್ ಫೋಟೋಗ್ರಾಫರನನ್ನು ಕಳಿಸಿದ. ಅವನು ಗಲ್ಲಿಯಲ್ಲಿ ಕ್ಯಾಮೆರಾ ನಿಲ್ಲಿಸಿ ಕಾದ.

"ಒದ್ದೆ ತಲೆಯಲ್ಲಿ ಫೋಟೋ ಹೊಡೆಸ್ಕೊಳ್ಳಲ್ಲ," ಎಂದಳು ಸೊಪ್ಪಕ್ಕ.

"ಒಣಗಿದ ಮೇಲೆ ಹೊಡೀತೀನಿ ಅಕ್ಕಾ."

"ಒಣಗೋಷ್ಟರಲ್ಲಿ ನಮ್ಮ ಬಸ್ಸು ಹೋಗಿರುತ್ತೆ."

ಸ್ನಾನಕ್ಕೆ ಮೊದಲೇ ತೆಗೆಯಲೇ ಎಂದು ಅವನು ಕೇಳಿದ. ಅದಕ್ಕೆ ಅವಳು ಕೊಟ್ಟ ಉತ್ತರಕ್ಕೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನು ಕ್ಯಾಮೆರಾ ಹೊತ್ತು ನೆಲಮಾಳಿಗೆಗೆ ಇಳಿದ. ಕರಪತ್ರದಲ್ಲಿ ಕೊನೆಗೆ ಅಚ್ಚಾದದ್ದು ಹೊದಿಕೆ ಸುತ್ತಿದ ಒಂದು ಬಿಸಿನೀರಿನ ಪೈಪು, ಅದರ ಮೇಲಿನ ಕಾವಿನ ಮೀಟರು, ಮತ್ತು ಚಿತ್ರದ ಅಂಚಿನಲ್ಲಿ, ಪೈಪಿನ ಧೂಳು ಒರೆಸಲು ನುಗ್ಗಿದ್ದ ದೊಡ್ಡಮ್ಮನ ಮೊಣಕೈ. ಅದನ್ನು ಕತ್ತರಿಸಿ ತೆಗೆ ಎಂದ ಮ್ಯಾನೇಜರ್. ಬಾಯ್ಲರಮ್ಮ ತೆಗೆಯಲಿಲ್ಲ.